ಗಜಕರ್ಣ

ಮೊದಲು ತೊಗರಿಬೇಳೆಯಷ್ಟೇ ಇತ್ತು,
ಎಡ ಮುಂಗೈಯ ಒಳಬದಿಗೆ.
ಸೊಳ್ಳೆ ಅಂದುಕೊಂಡೆ.
ಕೋಡಿಬಾಗದಲ್ಲಿ ಸೊಳ್ಳೆಗೇನು ಬರ?

ವಾರಕ್ಕೆ ಎಂಟಾಣೆ, ಮತ್ತೊಂದು ವಾರಕ್ಕೆ ಮಗುವಿನ ಬಳೆ:
ನಡುವೆ ತಿಳಿ, ಅಂಚಿಗೆ ಕೆಂಪು,
ಕೆಂಪಿನ ಮೇಲೆ ಬಂಗಡೆಯ ಹುರುಪೆ.
ಆನೆಯ ಕಿವಿ ಅಂತಾರೆ ಇದಕ್ಕೆ. ಎಷ್ಟು ದೊಡ್ಡ ಹೆಸರು,
ಉದ್ದ ತೋಳಿನ ಬನಿಯನ್ನಿನೊಳಗೆ ಅಡಗಿಸಲಿಕ್ಕೆ!

ಐವತ್ಮೂರು ಕೆಜಿ. ಆಯ್ಕೆಗೆ ಇಪ್ಪತ್ತೊಂದು ದಿನ.

ಔಷಧಿ ಅಂಗಡಿಯವ ಕೇಳಲಿಲ್ಲ, ನಾನು ತೋಳೆತ್ತಲಿಲ್ಲ.
"ತುರಿಕೆಗೆ" ಎಂದೆ. ಟ್ಯೂಬು ಕೊಟ್ಟ.
ಎರಡೇ ರಾತ್ರಿಗೆ ತುರಿಕೆ ನಿಂತಿತು,
ಬಳೆಯ ಅಂಚು ಮಾಸಿತು.
ಗೆದ್ದೆ ಅಂದುಕೊಂಡೆ,
ಎದುರಾಳಿ ಕೈ ಸಡಿಲಿಸಿದಾಗ ಅಂದುಕೊಳ್ಳುತ್ತೇವಲ್ಲ,
ಅವಳು ಸೊಂಟಕ್ಕೆ ನುಗ್ಗುವ ಮುಂಚಿನ ಗಳಿಗೆಯಲ್ಲಿ,
ಹಾಗೆ.

ಜುಲಿಯಾನಾ ಸಿದ್ದಿಯ ಹೆಗ್ಗತ್ತಿನಲ್ಲಿ ಅದು ಕೆಂಪಾಗಿರಲಿಲ್ಲ.
ಅವಳ ಕಪ್ಪಿನ ಮೇಲೆ ಬೂದಿಬಣ್ಣ,
ಒಲೆಯ ಪಕ್ಕ ಇಟ್ಟೆತ್ತಿದ ಲೋಟದ ಗುರುತಿನಂತೆ.
ಕೆಂಪು ಹುಡುಕುವ ನಮ್ಮ ಯಾರ ಕಣ್ಣಿಗೂ
ಅದು ತಿಂಗಳು ಬೀಳಲಿಲ್ಲ.

ಜಿಲ್ಲಾ ಆಸ್ಪತ್ರೆಯಲ್ಲಿ ಡಾಕ್ಟರು ಮಾಂಜ್ರೇಕರ್
ಬ್ಲೇಡಿನ ಮೊಂಡುಬದಿಯಿಂದ ಹೊಟ್ಟು ಕೆರೆದು ಗಾಜಿಗೆ ಹಾಕಿದರು.
"ಎಂಥ ಹಚ್ಚಿದ್ದೆ?" ಟ್ಯೂಬು ತೋರಿಸಿದೆ.
"ಇದು ಬೂಸ್ಟಿಗೆ ಊಟ ಹಾಕಿ, ಕಾವಲಿನವನಿಗೆ ನಿದ್ದೆಮಾತ್ರೆ ಕೊಟ್ಟ ಹಾಗೆ."
ಆಮೇಲೆ, "ಇಬ್ಬರೂ ಹೇಗೆ ಹಿಡೀತೀರಿ, ತೋರಿಸಿ."

ಚೀಟಿಗೆ ನಿಂತವರೆಲ್ಲ ನೋಡುತ್ತಿದ್ದಂತೆ
ಜುಲಿಯಾನಾಳ ಕತ್ತಿಗೆ ಕೈ ಹಾಕಿದೆ.
ನನ್ನ ಬಳೆ ಅವಳ ಬಳೆಯ ಮೇಲೆ
ಮುಚ್ಚಳದಂತೆ ಕೂತಿತು.

ನಾಗವೇಣಿಯ ಕಿವಿಯ ಹಿಂದೆ, ಶೈಲಾಳ ಮಂಡಿಯ ಮಡಿಕೆಗೆ,
ಯಾರು ಯಾರೊಡನೆ ಎಷ್ಟು ಸಂಜೆ ಸೆಣಸಿದರೋ
ಹಾಜರಿ ಪುಸ್ತಕದಲ್ಲೂ ಅಷ್ಟು ಸರಿಯಾಗಿ ಇರಲಿಲ್ಲ.

ಮಿರಾಶಿ ಮಾಸ್ತರು ಹಳಿಯಾಳದ ಕೆಂಪುಮಣ್ಣಿನ ಪೈಲ್ವಾನರು.
ಮಣ್ಣಿಗೆ ಅರಿಶಿನ, ಮಜ್ಜಿಗೆ, ಎಣ್ಣೆ ಕಲಸಿದವರು.
"ಮಣ್ಣಲ್ಲಿ ಇದೆಲ್ಲ ಇರಲಿಲ್ಲ ಬಿಡಿ. ಈ ರೆಕ್ಸಿನ್ನಿನ ಹಾಸು ಬಂತು, ಇದೂ ಬಂತು."
"ಮಣ್ಣಲ್ಲೂ ಇತ್ತು ಮಾಸ್ತರೇ, ನೋಡುವವರಿರಲಿಲ್ಲ."
ಅವರು ಸುಮ್ಮನಾದರು.
ತುಸು ಹೊತ್ತಿನ ಮೇಲೆ ಬೆಂಚಿಗೆ ಕೂತು
ಎಡಗಾಲ ಸಾಕ್ಸು ಕಳಚಿದರು.
ಬೆರಳ ಸಂದಿಯೆಲ್ಲ ಬಿಳಿ, ಒದ್ದೆ ಕಾಗದದ ಹಾಗೆ.
"ಆರು ವರ್ಷ ಆಯಿತು. ಉಪ್ಪುನೀರಿಗೆ ಒಡೆದದ್ದು ಅಂದುಕೊಂಡಿದ್ದೆ."

ಆಯ್ಕೆಯ ದಿನ ಹುಬ್ಬಳ್ಳಿಯ ಬಸ್ಸು
ನಮ್ಮನ್ನು ಬಿಟ್ಟು ಹೋಯಿತು.
ನಾನೂ ಜುಲಿಯಾನಾಳೂ ಬ್ಲೀಚಿಂಗ್ ನೀರಿನಲ್ಲಿ ಹಾಸು ಒರೆಸಿದೆವು,
ನಾಲ್ಕೂ ಕಿಟಕಿ ತೆಗೆದು ಗಾಳಿಗೆ ಬಿಟ್ಟೆವು.
ಟವೆಲ್ ಒಣಗದ ಊರು ಇದು;
ಇಸ್ತ್ರಿ ಹಾಕಿಯೇ ಒಣಗಿಸಬೇಕು,
ಮೂಲೆಯಲ್ಲಿ ಹೆಸರು ಹೊಲಿಯಬೇಕು,
ಎಷ್ಟೇ ಗೆಳತಿಯಾದರೂ ಕೊಡಬಾರದು.
ಕಕ್ಕಸಿಗೆ ಹೋಗುವಾಗ ಚಪ್ಪಲಿ; ಹಾಸಿಗೆ ಬರುವಾಗ ಬರಿಗಾಲು.
ಈಗ ಮಾಸ್ತರ ಹಳದಿ ಹವಾಯಿ ಎಲ್ಲಕ್ಕಿಂತ ಮುಂದೆ,
ಬಾಗಿಲಿಗೆ ಮುಖ ಮಾಡಿ.

ಅಂಚಿನಿಂದ ಎರಡು ಬೆರಳು ಆಚೆವರೆಗೂ ಮುಲಾಮು.
ಮಾಯವಾದ ಮೇಲೂ ಎರಡು ವಾರ.
ಇದೇ ಕಷ್ಟ. ಕಾಣುವುದಕ್ಕೆ ಯಾರು ಬೇಕಾದರೂ ಹಚ್ಚುತ್ತಾರೆ.
ಅವ್ವನ ಕಣ್ಣಲ್ಲಿ ನಾನು
ಏನೂ ಇಲ್ಲದ ಕೈಯನ್ನು ದಿನಾ ನೇವರಿಸಿಕೊಳ್ಳುವ ಹುಚ್ಚಿ.

ಸಂಜೆ ಐದಕ್ಕೆ ಸಾಲು. ಮೊಬೈಲ್ ಬೆಳಕು ಹಿಡಿದು
ಒಬ್ಬರನ್ನೊಬ್ಬರು ನೋಡುತ್ತೇವೆ:
ಕಂಕುಳು, ಕಿವಿಯ ಹಿಂದೆ, ಮಂಡಿಯ ಮಡಿಕೆ.
ಮೊದಲ ದಿನ ನಾಚಿಕೆಗೆ ನಕ್ಕು ನಕ್ಕು ಸತ್ತೆವು.
ಮೂರು ವರ್ಷ ಮೈಗೆ ಮೈ ಹೆಣೆದು ಬಿದ್ದಿದ್ದೇವೆ,
ಹಿಡಿಯದ ಜಾಗವಿಲ್ಲ,
ನೋಡಿದ್ದು ಒಂದೂ ಇಲ್ಲ.

ಜುಲಿಯಾನಾ ಗುಂಗುರು ಕೂದಲನ್ನು ಮೇಲೆತ್ತಿ ಬೆನ್ನು ತಿರುಗಿಸುತ್ತಾಳೆ.
"ಸಮಾ ನೋಡೇ," ಎನ್ನುತ್ತಾಳೆ,
"ಅವಸರ ಮಾಡಬೇಡ."